ಇಂಗು, ಕಾಫಿ, ಲವಂಗ, ಕರ್ಪೂರ

ಜುಲೈ ತಿಂಗಳ ಎರಡನೆಯ ಮಂಗಳವಾರ, ಸಂಜೆ ಐದೂವರೆ. ಸ್ಥಳ: ನಾರಾಯಣಗೂಡದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ನಾನು ಮತ್ತು ನನ್ನ ನಾದಿನಿ ಕಸ್ತೂರಿ. ಮೂರನೆಯವರು, ಅಂದರೆ ನನ್ನ ಗಂಡ, ಜೋಳ ಬೀಸಿಸಿಕೊಂಡು ಬರಲು ಸ್ಕೂಟರಿನ ಮೇಲೆ ಗಿರಣಿಗೆ ಹೋಗಿದ್ದರು. ಅವರು ಬಂದ ಮೇಲೆ ಚಹಾ ಎಂದು ನೀರು ಇನ್ನೂ ಒಲೆಯ ಮೇಲೆ ಇಟ್ಟಿರಲಿಲ್ಲ.

ಗಿರಣಿಯವನ ಫೋನ್ ಬಂತು. ತೆಲುಗಿನಲ್ಲಿ ಎರಡೇ ಮಾತು ಹೇಳಿದ. "ಅಮ್ಮಾ, ಸಾರ್ ಬಿದ್ದರು. ಏಳ್ತಾ ಇಲ್ಲ."

ಜಿಟಿಜಿಟಿ ಮಳೆ. ಗಿರಣಿಯ ಮುಂದಿನ ತಿರುವಿನಲ್ಲಿ ಚಕ್ರ ಜಾರಿತ್ತು. ಸ್ಕೂಟರಿಗೆ ಏನೂ ಆಗಿರಲಿಲ್ಲ. ಇವರ ತಲೆಯ ಹಿಂಭಾಗ ಡಿವೈಡರ್ ಕಲ್ಲಿಗೆ ಬಡಿದಿತ್ತು. ಎಡಗಿವಿಯಿಂದ ತೆಳ್ಳಗೆ ರಕ್ತ ಬರುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಸ್ಕೂಟರಿನ ಕಾಲಿಡುವ ಜಾಗದಲ್ಲಿ ಹಿಟ್ಟಿನ ಡಬ್ಬಿ ಹಗ್ಗ ಕಟ್ಟಿದ ಹಾಗೆಯೇ ಇತ್ತು. ಡಬ್ಬಿಯ ಮೇಲೆ ಹೆಲ್ಮೆಟ್. ಅದರ ಪಟ್ಟಿಯನ್ನು ಡಬ್ಬಿಯ ಹಿಡಿಕೆಯಲ್ಲಿ ತೂರಿಸಿ ಬಿಗಿಯಾಗಿ ಹಾಕಿದ್ದರು.

ಆ ಡಬ್ಬಿಯ ಮುಚ್ಚಳ ಸಡಿಲಾಗಿತ್ತು. ಹಿಂದಿನ ತಿಂಗಳು ಹೀಗೇ ಮಳೆಯಲ್ಲಿ ತಂದಾಗ ಹಿಟ್ಟು ತೇವವಾಗಿ ಗಂಟು ಕಟ್ಟಿತ್ತು. "ತಲಿ ಐತೇನ್ರಿ ನಿಮಗ?" ಎಂದು ನಾನು ಕೇಳಿದ್ದೆ. ನಮ್ಮ ಮನೆಯಲ್ಲಿ ಅದೇನು ದೊಡ್ಡ ಬೈಗುಳವಲ್ಲ. "ಮುಂದಿನ ಸಲ ಒಂದು ಹನಿ ಒಳಗ ಹೋದ್ರ ಕೇಳು" ಎಂದು ಅವರು ನಕ್ಕಿದ್ದರು.

ಈ ಸಲ ಹಿಟ್ಟು ತೋಯ್ದಿರಲಿಲ್ಲ.

ನಾನು ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತಳಾದವಳು. ಇವರು ನೀರಾವರಿ ಇಲಾಖೆಯಲ್ಲಿ ನಕಾಶೆ ಬರೆಯುತ್ತಿದ್ದರು. ನನ್ನ ಫ್ಯಾಕ್ಟರಿ ಬಸ್ಸು ಬೆಳಕು ಹರಿಯುವ ಮೊದಲೇ ಬರುತ್ತಿತ್ತು, ಅವರ ಆಫೀಸು ತಡವಾಗಿ ಶುರುವಾಗುತ್ತಿತ್ತು. ಆದ್ದರಿಂದ ಮದುವೆಯಾದ ಹೊಸದರಲ್ಲೇ ಬೆಳಗಿನ ಅಡುಗೆಮನೆ ಅವರದಾಯಿತು. ಚಹಾ, ಅವಲಕ್ಕಿ, ನನ್ನ ಡಬ್ಬಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಶೇಂಗಾ ಹುರಿಯುವಾಗ ಅವರು ಬಾಣಲೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತು, ವಾಸನೆ ಬಂದ ಗಳಿಗೆಗೆ ಸರಿಯಾಗಿ ಗ್ಯಾಸ್ ಆರಿಸುತ್ತಿದ್ದರು. "ನಮ್ಮಣ್ಣ ಮೂಗಿನಿಂದ ಹುರೀತಾನ" ಎಂದು ಕಸ್ತೂರಿ ಸಂಬಂಧಿಕರಿಗೆಲ್ಲ ಹೇಳುತ್ತಿದ್ದಳು. ನಮಗೆ ಮಕ್ಕಳಿಲ್ಲ. ಮನೆಯ ಶಿಸ್ತು ನನ್ನದು, ರುಚಿ ಅವರದು.

ಆಸ್ಪತ್ರೆಯಲ್ಲಿ CT ಮಾಡಿದರು. ಪೆಟ್ಟು ಬಿದ್ದದ್ದು ಹಿಂದೆ, ಜಜ್ಜಿದ್ದು ಮುಂದೆ, ಹಣೆಯ ಹಿಂದಿನ ಭಾಗ. ಮಿದುಳು ಮುಂದಕ್ಕೆ ನುಗ್ಗಿ ಬುರುಡೆಗೆ ಬಡಿದಿದೆ ಎಂದರು. ಅಲ್ಲಲ್ಲಿ ರಕ್ತ ಸೋರಿದೆ. ಸದ್ಯ ಆಪರೇಷನ್ ಬೇಡ, ICUನಲ್ಲಿ ನೋಡೋಣ.

ಮರುದಿನ ಅವರು ಕಣ್ಣು ಬಿಟ್ಟರು. ನನ್ನ ಬೆರಳು ಹಿಡಿದು "ಚಹಾ" ಅಂದರು.

ಗಂಡಾಂತರ ಕಳೆಯಿತು ಎಂದುಕೊಂಡೆ. ಕಸ್ತೂರಿ ಆ ಮಧ್ಯಾಹ್ನ ರೊಟ್ಟಿ ಮಾಡಿಕೊಂಡು ಬಂದಳು. ICU ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆವು.

"ಯಾವ ಹಿಟ್ಟು?" ಎಂದೆ.

"ಮನ್ಯಾಗ ಇದ್ದದ್ದು ಅದೊಂದ ವೈನಿ. ತಿನ್ರಿ ಸುಮ್ನ. ನೀವೂ ಮಲಗಿದ್ರ ಇಬ್ಬರನ್ನ ಎಳದಾಡಾಕ ನನ್ನಿಂದ ಆಗಂಗಿಲ್ಲ."

ತಿಂದೆ. ರೊಟ್ಟಿ ಮೆತ್ತಗೆ, ಚೆನ್ನಾಗಿದ್ದವು. ಅದನ್ನೂ ಬರೆಯಬೇಕು.

ಅದರ ಮರುದಿನದಿಂದ ಅವರು ಕುಸಿಯತೊಡಗಿದರು. ಮೊದಲು ಮಾತು ನಿಂತಿತು. ಆಮೇಲೆ ಬೆರಳು ಹಿಡಿಯುವುದು ನಿಂತಿತು. ಸಂಜೆಯ ಹೊತ್ತಿಗೆ ventilator ಹಾಕಿದರು.

"ನಿನ್ನೆ ಮಾತಾಡಿದರಲ್ಲ?" ಎಂದು ಡಾಕ್ಟರನ್ನು ಕೇಳಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನೊಂದಿಗೆ ತೆಲುಗಿನಲ್ಲಿ ಮಾತನಾಡುತ್ತಿದ್ದರು, ನಿಧಾನವಾಗಿ, ಒಂದು ಮಾತನ್ನೂ ಮುಚ್ಚಿಡದೆ.

"ಅಮ್ಮಾ, ತಲೆಗೆ ಎರಡು ಪೆಟ್ಟು. ಮೊದಲನೆಯದು ರಸ್ತೆ ಕೊಟ್ಟದ್ದು. ಅದು ಮುಗಿಯಿತು. ಎರಡನೆಯದು ಮಿದುಳು ತನಗೆ ತಾನೇ ಕೊಟ್ಟುಕೊಳ್ಳುವುದು. ಅದು ಈಗ ನಡೀತಾ ಇದೆ. ಬಾವು ಒಂದು, oxidative stress ಇನ್ನೊಂದು."

ಆ ಎರಡು ಇಂಗ್ಲಿಷ್ ಪದಗಳು ಪಕ್ಕದ ಕುರ್ಚಿಯವರಿಗೆ ಬರೀ ಸದ್ದು. ನನಗೆ ಹಾಗಲ್ಲ.

ಕಾರ್ಖಾನೆಯಲ್ಲಿ ನನ್ನದು stability ವಿಭಾಗ. ಒಳ್ಳೆಯ ಔಷಧಿಯನ್ನು ಬೇಕೆಂದೇ ಕೆಡಿಸುವುದು ನಮ್ಮ ಕೆಲಸ. ಮಾತ್ರೆಗಳನ್ನು ಬಿಸಿಯಲ್ಲಿ, ತೇವದಲ್ಲಿ, ಬೆಳಕಿನಲ್ಲಿ ಇಟ್ಟು, ಗೊತ್ತುಮಾಡಿದ ದಿನ ತೆಗೆದು, ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂದು ನೋಡುತ್ತಿದ್ದೆವು. ಎಲ್ಲಕ್ಕಿಂತ ಕಾಡುತ್ತಿದ್ದದ್ದು ಆಮ್ಲಜನಕ. ಎಣ್ಣೆಯಂಶ ಇರುವ ಯಾವುದನ್ನೂ ಅದು ಬಿಡುವುದಿಲ್ಲ. ಶೇಂಗಾ ಹಳೆಯದಾದಾಗ ಕಮಟು ವಾಸನೆ ಬರುತ್ತದಲ್ಲ, ಅದು ಇದರದೇ ಕೆಲಸ. ಒಂದು ಕಣ ಕೆಟ್ಟರೆ ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ಕಬ್ಬಿಣದ ಅಂಶ ಚೂರು ಸೇರಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅದಕ್ಕೆಂದೇ ನಾವು ಡ್ರಮ್ಮುಗಳೊಳಗಿನ ಗಾಳಿ ಹೊರಹಾಕಿ ನೈಟ್ರೋಜನ್ ತುಂಬಿ ಮುಚ್ಚುತ್ತಿದ್ದೆವು.

ಮಿದುಳಿನಲ್ಲಿ ಕೊಬ್ಬು ಹೆಚ್ಚು. ಆಮ್ಲಜನಕ ಸುಡುವುದೂ ಅದೇ ಹೆಚ್ಚು. ಸೋರಿದ ರಕ್ತದಲ್ಲಿ ಕಬ್ಬಿಣವಿದೆ. ಡಾಕ್ಟರು ಬಿಡಿಸಿ ಹೇಳುವ ಮೊದಲೇ ನನಗೆ ಒಳಗೆ ಏನಾಗುತ್ತಿದೆ ಎಂದು ಕಂಡಿತು. ಗಾಜಿನಾಚೆ ನನ್ನ ಗಂಡನ ಬಾಯಿಗೆ ನಳಿಕೆ ಇತ್ತು. ಅದರೊಳಗೆ ಹೋಗುತ್ತಿದ್ದದ್ದೂ ಆಮ್ಲಜನಕವೇ. ಕೊಡದಿದ್ದರೆ ಸಾಯುತ್ತಾರೆ. ಕೊಟ್ಟದ್ದರಲ್ಲೇ ಒಂದು ಪಾಲು ದಾರಿ ತಪ್ಪಿ ಅವರನ್ನು ತಿನ್ನುತ್ತದೆ. ಈ ಡ್ರಮ್ಮಿಗೆ ನೈಟ್ರೋಜನ್ ತುಂಬಿ ಮುಚ್ಚಲು ಬರುವುದಿಲ್ಲ.

"Antioxidant ಏನಾದರೂ?" ಎಂದೆ.

"ಲ್ಯಾಬಿನಲ್ಲಿ ಚೆನ್ನಾಗಿ ಕಾಣುತ್ತೆ ಅಮ್ಮಾ. ರೋಗಿಯ ಮೇಲೆ ಇನ್ನೂ ಯಾವುದೂ ನಂಬುವ ಹಾಗೆ ಕೆಲಸ ಮಾಡಿಲ್ಲ. ಮನೆಯಿಂದ ಮಾತ್ರೆ ತರಬೇಡಿ. Vitamin Eಯ ದೊಡ್ಡ ಡೋಸಂತೂ ಬೇಡವೇ ಬೇಡ, ರಕ್ತ ಮತ್ತೆ ಸೋರಬಹುದು. BP, ಉಸಿರು, sugar, fits, ಇವನ್ನು ನಾವು ಹಿಡಿದಿಡುತ್ತೇವೆ. ನೀವು ಕಾಯಿರಿ."

ಕಾಯುವುದು ನನಗೆ ಬಾರದ ಕೆಲಸ.

ಅವರು ಉಳಿದರು. Ventilator ತೆಗೆದರು, ವಾರ್ಡಿಗೆ ಹಾಕಿದರು. ಅಲ್ಲಿ ಅವರು ಆಡಿದ ಮೊದಲ ಪೂರ್ಣ ವಾಕ್ಯ ಹೀಗಿತ್ತು:

"ಈ ಗೂಬಿ ಮಾರಿಯಾಕಿನ್ನ ಹೊರಗ ಹಾಕ್ರಿ."

ನನ್ನ ಕಡೆ ಬೆರಳು ತೋರಿಸಿ.

ಕಸ್ತೂರಿ ಮುಂದೆ ಬಂದಳು. "ಅಣ್ಣಾ, ನಾ ಯಾರು ಹೇಳು?"

"ನೀ ಕಸ್ತೂರಿ. ಬಾಯಿಬಡಕಿ."

"ಹೌದಪಾ ನಮ್ಮಪ್ಪ! ಮತ್ತ ಇವರು ಯಾರು?"

ಬಹಳ ಹೊತ್ತು ನೋಡಿದರು. "ಫ್ಯಾಕ್ಟರಿಯಾಕಿ. ಬಸ್ಸಿಗೆ ಹೋಗಾಕಿ. ಬರಂಗಿಲ್ಲ ಆಕಿ."

ನನ್ನೊಂದಿಗೆ ಜೀವನದಲ್ಲಿ ಒಮ್ಮೆಯೂ ಏರುದನಿಯಲ್ಲಿ ಮಾತನಾಡದ ಮನುಷ್ಯ. ಮನೆಗೆ ಬಂದ ಮೇಲೆ ಬೈಗುಳ ದಿನಚರಿಯಾಯಿತು. ಸ್ನಾನಕ್ಕೆ ಕರೆದರೆ ಬೈಗುಳ, ಮಾತ್ರೆ ಕೊಟ್ಟರೆ ಬೈಗುಳ. ಸುಲ್ತಾನ್ ಬಜಾರಿನ ಗಾಡಿಯವರು ಆಡುವ ಉರ್ದು ಬೈಗುಳಗಳು ಅವರಿಗೆ ಬರುತ್ತವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಮ್ಮೆ ಚಹಾ ಬಸಿಯನ್ನು ನನ್ನತ್ತ ಎಸೆದರು. ಹುಬ್ಬಿನ ಮೇಲೆ ತಾಗಿತು. ಮರುಗಳಿಗೆ "ಹಣಿಗೆ ಏನಾತು ನಿನಗ?" ಎಂದು ಕೇಳಿದರು. ನಿಜವಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ.

ಹಣೆಯ ಹಿಂದಿನ ಭಾಗ ಜಜ್ಜಿದರೆ ಹೀಗಾಗುತ್ತದೆ ಎಂದರು ಡಾಕ್ಟರು. ಮಾತಿಗೆ ಕಡಿವಾಣ ಹಾಕುವ ಜಾಗ ಅದು. "ಬೈಯುತ್ತಿರುವುದು ಗಾಯ ಅಮ್ಮಾ, ಅವರಲ್ಲ." ಸರಿ. ಆದರೆ ಗಾಯಕ್ಕೆ ಅವರ ದನಿಯೇ ಇತ್ತು.

ಆಮೇಲೆ ಮೂಗು.

ಕಸ್ತೂರಿ ಒಂದು ದಿನ ನಮ್ಮ ಕಪಾಟಿನ ಮೂಲೆಯಲ್ಲಿದ್ದ ಚಟ್ನಿಪುಡಿ ತೆಗೆದು ಅವರಿಗೆ ಬಡಿಸಿದಳು. ಅಪಘಾತಕ್ಕೂ ಬಹಳ ಮೊದಲು ಅವರೇ ಮಾಡಿಟ್ಟಿದ್ದ ಪುಡಿ. ಬಾಗಿಲಲ್ಲೇ ನನಗೆ ಕಮಟು ಹೊಡೆಯಿತು. ಅವರು ರೊಟ್ಟಿಗೆ ಹಚ್ಚಿಕೊಂಡು ಆರಾಮಾಗಿ ತಿನ್ನುತ್ತಿದ್ದರು.

"ಹ್ಯಾಂಗೈತಿ ಅಣ್ಣಾ?"

"ಛಲೋ ಐತಿ. ನಾನ ಮಾಡಿದ್ದಲ್ಲ?"

ನಾನು ತಟ್ಟೆ ಎಳೆದುಕೊಂಡೆ. ಅವರು ಮತ್ತೆ ಬೈದರು. ವಾಸನೆಯ ನರಗಳು ಬುರುಡೆಯ ತಳದಲ್ಲಿ ಹರಿದಿವೆ, ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಬೇಕಿದ್ದರೆ ದಿನಾ ನಾಲ್ಕು ಬಗೆಯ ವಾಸನೆ ತೋರಿಸಿ, ಕೆಲವರಿಗೆ ಉಪಯೋಗವಾಗುತ್ತದೆ. ಅಲ್ಲಿಯವರೆಗೆ ಗ್ಯಾಸ್ ಮುಟ್ಟಲು ಬಿಡಬೇಡಿ.

ಆ ದಿನವೇ ಗ್ಯಾಸಿನ ಲೈಟರನ್ನು ಒಲೆಯ ಪಕ್ಕದ ಮೊಳೆಯಿಂದ ತೆಗೆದು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅದನ್ನು ಮಾತ್ರ ಅವರು ಮರೆಯಲಿಲ್ಲ. ಬೇರೆ ಎಲ್ಲ ಅಳಿಸಿಹೋಗುತ್ತಿತ್ತು. ಇದು ಉಳಿಯಿತು. ಬೆಳಿಗ್ಗೆ ಎದ್ದವರೇ ಅಡುಗೆಮನೆಗೆ ಹೋಗಿ ಖಾಲಿ ಮೊಳೆಯ ಮೇಲೆ ಕೈಯಾಡಿಸುತ್ತಿದ್ದರು. "ಲೈಟರ್ ಕೊಡು." ಕೊಡುವುದಿಲ್ಲ ಎಂದರೆ, "ನಿನ್ನ ಬಸ್ ಬರ್ತೈತಿ, ಚಹಾ ಆಗಿಲ್ಲ" ಎನ್ನುತ್ತಿದ್ದರು. ನಾನು ನಿವೃತ್ತಳಾಗಿ ವರ್ಷಗಳಾಗಿದ್ದವು. ಅಂಥ ಬೆಳಿಗ್ಗೆಗಳಲ್ಲಿ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ನಾನು ಕೆಲಸಕ್ಕಿಳಿದೆ. ಊಟದಲ್ಲಿ ನೆಲ್ಲಿಕಾಯಿ, ಸೊಪ್ಪು, ಅರಿಸಿನ. ಅಷ್ಟಕ್ಕೆ ಡಾಕ್ಟರ ಅಡ್ಡಿ ಇರಲಿಲ್ಲ. ಊಟ, ನಡಿಗೆ, ನಿದ್ದೆ ಎಲ್ಲಕ್ಕೂ ಗೊತ್ತಾದ ಹೊತ್ತು. ಬೆಳಿಗ್ಗೆ ಮುಖ ತೊಳೆದ ಕೂಡಲೇ ವಾಸನೆ. ಒಂದೇ ಅಳತೆಯ ನಾಲ್ಕು ಸ್ಟೀಲ್ ಡಬ್ಬಿ ಸಾಲಾಗಿ ಇಡುತ್ತಿದ್ದೆ. ಇಂಗು, ಕಾಫಿ, ಲವಂಗ, ಕರ್ಪೂರ. ಅವರು ಕಣ್ಣು ಮುಚ್ಚಬೇಕು, ನಾನು ಒಂದೊಂದೇ ಮೂಗಿನ ಕೆಳಗೆ ಹಿಡಿಯಬೇಕು, ಅವರು ಹೆಸರು ಹೇಳಬೇಕು. ತಪ್ಪಿದರೆ ಸರಿಯಾದದ್ದನ್ನು ನಾನು ಹೇಳುತ್ತಿದ್ದೆ.

ಮೊದಮೊದಲು ಏನೂ ಹೇಳುತ್ತಿರಲಿಲ್ಲ. ಅಥವಾ "ನಿನ್ನ ಕೈ ನಾರತೈತಿ" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ, ಮೊದಲ ಡಬ್ಬಿಗೆ "ಇಂಗು" ಅಂದರು.

ಸರಿ ಇತ್ತು.

ಮುಂದಿನ ವಾರ ಕಾಫಿ. ದೀಪಾವಳಿಯ ಹೊತ್ತಿಗೆ ನಾಲ್ಕೂ. ಪಾಠ ಒಪ್ಪಿಸಿದ ಹಾಗೆ, ತಡವರಿಸದೆ. ಕಸ್ತೂರಿಯನ್ನು ಕರೆಸಿ ತೋರಿಸಿದೆ. ಒಳಗಿನ ಕೆಡುವಿಕೆ ನಿಂತಿದೆ ಎಂದು ಅವಳಿಗೆ ಅರ್ಧ ತಾಸು ವಿವರಿಸಿದೆ. ನೆಲ್ಲಿಕಾಯಿಯ ಗುಣ, ನರಗಳು ಚಿಗುರುವುದು, ಎಲ್ಲ. ಅವಳು ಆಕಳಿಸಿ, "ವೈನಿ, ಅಂವಗ ಕಣ್ಣಾಗ ನಗು ಐತಿ ನೋಡ್ರಿ" ಎಂದಳು. ನಾನು ಅದನ್ನು ಆರೋಗ್ಯದ ಲಕ್ಷಣ ಎಂದು ತಿಳಿದೆ.

ಡಾಕ್ಟರ ಬಳಿ ಹೋಗುವ ದಿನ ಇನ್ನೂ ಮುಂದಿತ್ತು. ನಾನು ಕಾಯಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಕಪಾಟಿನ ಬೀಗ ತೆಗೆದು ಲೈಟರನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದೂ ಬೈಗುಳವಿಲ್ಲ. "ಶಾಂತಾ, ನೀ ಸ್ನಾನ ಮಾಡಿ ಬಾ. ಶೇಂಗಾ ಹುರೀತೀನಿ." ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹೆಸರು ಹೇಳಿದ್ದು ಅದೇ ಮೊದಲು.

ಬಚ್ಚಲುಮನೆಯಲ್ಲಿ ನಾನು ಎರಡು ತಂಬಿಗೆ ನೀರೂ ಹಾಕಿಕೊಂಡಿರಲಿಲ್ಲ. ಸುಟ್ಟ ವಾಸನೆ ಬಾಗಿಲ ಸಂದಿಯಿಂದ ಬಂತು. ಒದ್ದೆ ಸೀರೆಯಲ್ಲೇ ಓಡಿದೆ.

ಅಡುಗೆಮನೆ ತುಂಬ ನೀಲಿ ಹೊಗೆ. ಬಾಣಲೆಯಲ್ಲಿ ಶೇಂಗಾ ಇದ್ದಿಲಾಗಿತ್ತು. ಅವರು ಕಿಟಕಿಯ ಕಡೆ ಮುಖ ಮಾಡಿ, ಒಂದು ಕೈಯಲ್ಲಿ ಸೌಟು ಆಡಿಸುತ್ತ, ವಾಸನೆ ಬರಲಿ ಎಂದು ಕಾಯುತ್ತ ನಿಂತಿದ್ದರು. ಹೊಗೆಗೆ ಕಣ್ಣಿಂದ ನೀರು ಸುರಿಯುತ್ತಿತ್ತು. ಮುಖದಲ್ಲಿ ನಗು.

"ಇನ್ನೂ ಬಂದಿಲ್ಲ, ತಡಿ" ಎಂದರು.

ಗ್ಯಾಸ್ ಆರಿಸಿದೆ. ಕಿಟಕಿ ಪೂರ್ತಿ ತೆರೆದೆ. ಡಬ್ಬಿಗಳನ್ನು ತಂದೆ. ಅವರನ್ನು ಕುರ್ಚಿಯಲ್ಲಿ ಕೂಡಿಸಿ ಕಣ್ಣು ಮುಚ್ಚಿ ಎಂದೆ. ಈ ಸಲ ಕರ್ಪೂರವನ್ನು ಮೊದಲು ಹಿಡಿದೆ.

ಅವರ ಹುಬ್ಬು ಗಂಟಾಯಿತು. ಮೂಗಿನ ಹೊಳ್ಳೆ ಸ್ವಲ್ಪ ಅದುರಿತು. "ತಣ್ಣಗೈತಿ..." ಅಂದರು. ತಡೆದರು. ಆಮೇಲೆ ನನಗೆ ಸಿಟ್ಟು ಬರಬಾರದು ಎಂಬ ಹಾಗೆ ಬೇಗನೆ, "ಇಂಗು."

ಲವಂಗ ಹಿಡಿದೆ. "ಕಾಫಿ."

ಇಂಗು ಹಿಡಿದೆ. "ಲವಂಗ."

ಕಾಫಿ ಹಿಡಿದೆ. "ಕರ್ಪೂರ. ಮುಗೀತು."

ಕಣ್ಣು ತೆರೆದು ನನ್ನ ಮುಖ ನೋಡಿದರು. ಶಾಬಾಸ್ ಎನ್ನುತ್ತೇನೆ ಎಂದು ಕಾಯುತ್ತಿದ್ದರು.

ಇಡೀ ಆಯುಷ್ಯ ಲ್ಯಾಬಿನಲ್ಲಿ ಕಳೆದವಳು ನಾನು. ಪರೀಕ್ಷೆ ಮಾಡುವವರಿಗೆ ಯಾವ ಮಾದರಿ ಎಂದು ಗೊತ್ತಾಗಬಾರದು ಎಂದು ಹೊಸಬರಿಗೆ ಕಲಿಸಿದವಳು. ಮನೆಯಲ್ಲಿ ಮಾತ್ರ ಒಂದು ದಿನವೂ ಸಾಲು ಬದಲಿಸಲಿಲ್ಲ. ಸಾಲು ತಪ್ಪಿದರೆ ನನಗೇ ಕಸಿವಿಸಿ. ಎಲ್ಲವೂ ತನ್ನ ಜಾಗದಲ್ಲಿ ಇರಬೇಕು.

"ಯಾಕ ಸುಳ್ಳು ಹೇಳಿದ್ರಿ?" ಎಂದೆ. ಧ್ವನಿ ಏರಿತ್ತು.

ಅವರ ಕೈ ಬೀಸಿತು. ನಾಲ್ಕೂ ಡಬ್ಬಿ ಹಾರಿದವು. ಕಾಫಿಪುಡಿ ನನ್ನ ಒದ್ದೆ ಸೀರೆಗೆ ಮೆತ್ತಿತು.

"ನಿನಗ ಬರೋಬರಿ ಉತ್ತರ ಬೇಕಾಗಿತ್ತು, ಕೊಟ್ಟೆ! ನನಗೇನೂ ಬರಂಗಿಲ್ಲ, ಏನಂದ್ರ ಏನೂ ಬರಂಗಿಲ್ಲ. ಹೂವಿಲ್ಲ, ಹೇಲಿಲ್ಲ. ದಿನಾ ಮುಂಜಾನೆ ಮೂಗಿನ ಕೆಳಗ ಖಾಲಿ ಡಬ್ಬಿ ಹಿಡಿತೀ, ಆಮ್ಯಾಲ ನನ್ನ ಮಾರಿ ನೋಡ್ತೀ, ಫೇಲಾದ ಹುಡುಗನ್ನ ನೋಡಿದಂಗ. ಗೂಬಿ!"

ಅದು ಗಾಯದ ಮಾತಲ್ಲ. ಅವರದೇ.

ಕಸ್ತೂರಿಯ ಮನೆ ಎರಡು ಗಲ್ಲಿ ಆಚೆ. ಫೋನ್ ಮಾಡಿದ ಕೂಡಲೇ ಬಂದಳು. ಹೊಗೆ, ಡಬ್ಬಿಗಳು, ನನ್ನ ಸೀರೆ, ಎಲ್ಲ ನೋಡಿದಳು. ನಾನು ನಡೆದದ್ದು ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು.

"ವೈನಿ, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕ ನೆನಪಿಲ್ಲದಂವ, ನಿಮ್ಮ ನಾಲ್ಕು ಡಬ್ಬಿ ಬಾಯಿಪಾಠ ಮಾಡ್ಯಾನಲ್ರಿ!"

ನನಗೆ ಅದು ಹೊಳೆದಿರಲಿಲ್ಲ.

ಆ ದಿನವೇ ಮಧ್ಯಾಹ್ನ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಮೊದಲು ಡಾಕ್ಟರು ಲೈಟರಿನ ವಿಷಯಕ್ಕೆ ನನ್ನನ್ನು ಸರಿಯಾಗಿ ಬೈದರು. ಮನೆ ಹೊತ್ತಿಕೊಂಡಿದ್ದರೆ? ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಕರ್ಪೂರ ತಣ್ಣಗೆ ತಾಗಿದ್ದು ವಾಸನೆಯ ನರದಿಂದಲ್ಲ, ಉರಿ, ತಂಪು ತಿಳಿಸುವ ಬೇರೆ ನರದಿಂದ ಎಂದು ವಿವರಿಸಿದರು. ವಾಸನೆ ಬಂದಿಲ್ಲ. ಇಷ್ಟು ತಿಂಗಳಾದ ಮೇಲೆ ಆಸೆ ಕಡಿಮೆ. ಸತ್ತ ಕೋಶಗಳು ಮರಳುವುದಿಲ್ಲ. ನನ್ನ ನೆಲ್ಲಿಕಾಯಿಯ ಬಗ್ಗೆ ಕೇಳಿದೆ. "ಒಳ್ಳೆಯ ಉಪ್ಪಿನಕಾಯಿ ಆಗುತ್ತೆ" ಅಂದರು.

ಆಮೇಲೆ ಇವರ ಕಡೆ ತಿರುಗಿದರು. "ಸಾರ್, ನಾಲ್ಕರ ಹೆಸರು ಹೇಗೆ ನೆನಪಿಟ್ಟಿರಿ?"

"ಈಕಿ ಗಡಿಯಾರ ಇದ್ದಂಗ" ಎಂದರು ಇವರು. "ಒಂದು ದಿನ ಹಿಂದುಮುಂದು ಆಗಂಗಿಲ್ಲ. ಯಾರಿಗರೇ ನೆನಪ ಉಳಿತೈತಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅಮ್ಮಾ, ಇವರು ಹೊಸದನ್ನು ಕಲಿತಿದ್ದಾರೆ. ಅದನ್ನು ವಾರಗಟ್ಟಲೆ ಹಿಡಿದಿಟ್ಟಿದ್ದಾರೆ. ನಿಮ್ಮನ್ನು ಖುಷಿಪಡಿಸಬೇಕು ಎಂದು ಮೋಸವನ್ನೂ ಯೋಚಿಸಿದ್ದಾರೆ. ಇದೆಲ್ಲ ಪೆಟ್ಟು ತಿಂದ ಮಿದುಳಿನ ಮುಂಭಾಗದ ಕೆಲಸ. ಮೂಗಿನ ಆಸೆ ಬಿಡಿ. ಇದನ್ನು ಬಿಡಬೇಡಿ."

ಮೂಗು ಹೋಯಿತು. ಮೋಸ ಮಾಡುವಷ್ಟು ಗಂಡ ಉಳಿದಿದ್ದಾರೆ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಬರುವ ದಾರಿಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಕೊಂಡೆವು. ಅವರು ಆಟೋದಲ್ಲಿ ಅದರ ಗುಂಡಿ ಒತ್ತಿ ಒತ್ತಿ ಚಾಲಕನಿಂದ ಬೈಸಿಕೊಂಡರು. ಅವರೂ ತಿರುಗಿ ಬೈದರು. ಕಸ್ತೂರಿ ಇಬ್ಬರನ್ನೂ ಸುಮ್ಮನಿರಿಸಿದಳು.

ಸಂಜೆ ಮತ್ತೆ ಶೇಂಗಾ ಇಟ್ಟೆವು, ಬೇರೆ ಬಾಣಲೆಯಲ್ಲಿ. ನಾನು ಪಕ್ಕದಲ್ಲೇ ನಿಂತೆ. ಕೈ ಅವರದು, ಮೂಗು ನನ್ನದು. ಹದವಾದ ವಾಸನೆ ಬಂದಾಗ "ಸಾಕ್ರಿ" ಎಂದೆ.

"ಸುಮ್ನಿರು. ಸಪ್ಪಳ ಕೇಳಾಕತ್ತೀನಿ." ಕಿವಿ ಬಾಣಲೆಯ ಕಡೆ ಬಾಗಿಸಿದ್ದರು. ಸಿಪ್ಪೆ ಸಿಡಿಯುವ ಚಟಪಟ ತೆಳ್ಳಗಾಗುತ್ತಿತ್ತು. ಗ್ಯಾಸ್ ಆರಿಸಿದರು. ಸ್ವಲ್ಪ ಹೆಚ್ಚೇ ಹುರಿದಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಮಣ್ಣು ತಿಂದಂಗ ಐತಿ" ಎಂದರು. "ನಿನಗ?"

"ಛಲೋ ಐತಿ" ಎಂದೆ. ಸ್ವಲ್ಪ ಕಹಿ ಇತ್ತು.

"ಸುಳ್ಳು" ಎಂದು ಹೇಳಿ ಹೊರಗೆ ಹೋಗಿ ಕುಳಿತರು.

ಸುಟ್ಟ ಬಾಣಲೆಯನ್ನು ತಿಕ್ಕಿ ಬೋರಲು ಹಾಕಿದೆ. ಡಬ್ಬಿಗಳಿಗೆ ಹೊಸ ಕಾಫಿ, ಲವಂಗ, ಇಂಗು, ಕರ್ಪೂರ ತುಂಬಿ ಮೇಲಿನ ಅಟ್ಟದಲ್ಲಿ ಉಳಿದ ಮಸಾಲೆಗಳ ನಡುವೆ ಇಟ್ಟೆ. ಇನ್ನು ಬೆಳಗಿನ ಪರೀಕ್ಷೆ ಇಲ್ಲ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆ. ಅದರ ಮೇಲೆ ಕೈಯಿಟ್ಟು ಮತ್ತೊಮ್ಮೆ ನೋಡಿದೆ. ಆಮೇಲೆ ಲೈಟರನ್ನು ಕಪಾಟಿಗೆ ಒಯ್ಯದೆ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದೆ.